ಟ್ಯಾಂಕಿನೊಳಗೆ ಒಂದು ಚಿಟಿಕೆ ಭಂಡಾರ

ಅಡುಗೆಮನೆ

ಇಂಗ್ಲೆಂಡಿನಲ್ಲಿ ಜೋಳದ ರೊಟ್ಟಿ ಬಡಿಯುವವರು ಮೊದಲು ಒಂದು ಕುರ್ಚಿ ತಂದಿಟ್ಟುಕೊಳ್ಳಬೇಕು. ರೊಟ್ಟಿಯ ಒಂದು ಮಗ್ಗುಲು ಬೆಂದು ಇನ್ನೊಂದಕ್ಕೆ ಹೊರಳುವಷ್ಟರಲ್ಲಿ, ತಲೆಯ ಮೇಲೆ ಸೂರಿಗೆ ಅಂಟಿಸಿದ ಬಿಳಿಯ ದುಂಡನೆಯ ಡಬ್ಬಿಯೊಂದು ಓಣಿಗೆಲ್ಲ ಕೇಳುವಂತೆ ಕಿರುಚತೊಡಗುತ್ತದೆ. ಹೊಗೆ ಕಂಡರೆ ಅದಕ್ಕೆ ಆಗುವುದಿಲ್ಲ. ಆಗ ಒಬ್ಬರು ಕುರ್ಚಿ ಹತ್ತಿ ಅದರ ಮುಂದೆ ಟವೆಲ್ ಬೀಸುತ್ತ ನಿಲ್ಲಬೇಕು, ಅದು ಸಮಾಧಾನವಾಗುವವರೆಗೆ.

ಅಂದು ಬೆಳಿಗ್ಗೆಯೂ ಹಾಗೆಯೇ. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ತಂಗಿ ಶೈಲಾ ಕುರ್ಚಿಯ ಮೇಲೆ ನಿಂತು, ಗುಡಿಯಲ್ಲಿ ಚಾಮರ ಹಾಕುವವರ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಟವೆಲ್ ಬೀಸುತ್ತಿದ್ದಳು. ಅವಳು ಅಲ್ಲಿನ ಆಸ್ಪತ್ರೆಯಲ್ಲಿ ನರ್ಸು. ನಾವು ಗಂಡ ಹೆಂಡತಿ ಬೈಲಹೊಂಗಲದಿಂದ ಅವಳ ಮನೆಗೆ ಬಂದು ಒಂದು ವಾರವಾಗಿತ್ತು.

"ನಾಷ್ಟಾ ತಯಾರಾಯಿತೆಂದು ಕಾಣುತ್ತದೆ," ಎಂದು ಹಿತ್ತಲ ಬೇಲಿಯ ಆಚೆಯಿಂದ ದನಿ ಬಂತು. ಪಕ್ಕದ ಮನೆಯ ಟೆಡ್ ಅಜ್ಜ. ಅವರ ಇಂಗ್ಲಿಷನ್ನು ನಾನಿಲ್ಲಿ ನಮ್ಮ ಮಾತಿಗೆ ತಿರುಗಿಸಿ ಬರೆಯುತ್ತಿದ್ದೇನೆ. ಡಬ್ಬಿ ಕಿರುಚಿದಾಗಲೆಲ್ಲ ಅವರು ಇದೇ ಮಾತು ಹೇಳುತ್ತಿದ್ದರು. ಅವರಿಗೆ ಇದ್ದದ್ದು ಎರಡೇ ವಿಷಯ. ಒಂದು ಈ ಕಿರುಚುವ ಡಬ್ಬಿ, ಇನ್ನೊಂದು ಕಸದ ಡಬ್ಬಿ. ಹಸಿರು ಡಬ್ಬಿಯನ್ನು ಯಾವ ವಾರ ಹೊರಗಿಡಬೇಕು, ಕಪ್ಪು ಡಬ್ಬಿಯನ್ನು ಯಾವ ವಾರ ಎಂಬುದನ್ನು ನಮ್ಮ ಕಡೆಯ ಸ್ವಾಮಿಗಳು ಅಮಾವಾಸ್ಯೆ ಹುಣ್ಣಿಮೆ ಹೇಳುವಷ್ಟು ಗಂಭೀರವಾಗಿ ಹೇಳುತ್ತಿದ್ದರು.

ಮೇಜಿನ ತುದಿಯಲ್ಲಿ ನಮ್ಮವರು ರೊಟ್ಟಿ ಮುಟ್ಟದೆ ಕುಳಿತಿದ್ದರು. ಮುಂದೆ ಸ್ಟೀಲಿನ ಅಕ್ಕಿ ಡಬ್ಬಿ. ಅದರೊಳಗೆ, ನನ್ನ ಹಳೆಯ ಇಳಕಲ್ ಸೀರೆಯ ತುಂಡುಗಳ ನಡುವೆ, ಅವರ ಟ್ಯಾಂಕು.

ಬೈಲಹೊಂಗಲದಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟವರ ಟ್ಯಾಂಕು ಎಂದರೆ ನೀರಿನದೇ ಇರಬೇಕು ಎಂದು ಯಾರಾದರೂ ತಿಳಿಯುತ್ತಾರೆ. ಇದು ಯುದ್ಧದ್ದು. ಸೆಂಚುರಿಯನ್ ಎಂಬ ಜಾತಿ. ನಿಜವಾದದ್ದರ ಮೂವತ್ತೈದರಲ್ಲಿ ಒಂದು ಪಾಲು, ಪ್ಲಾಸ್ಟಿಕ್ಕಿನದು. ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ಅಂಟಿಸಿ ಬಣ್ಣ ಹಚ್ಚಿ ನಿಲ್ಲಿಸಬೇಕು. ಹೊರಗಿನದನ್ನಷ್ಟೇ ನಿಲ್ಲಿಸಿ ಸುಮ್ಮನಾಗಿದ್ದರೆ ನಾವು ಇಂಗ್ಲೆಂಡಿನವರೆಗೆ ಬರುತ್ತಿರಲಿಲ್ಲ. ನಮ್ಮವರು ಅದರ ಒಳಗನ್ನೂ ಕಟ್ಟಿದ್ದರು. ಸೀಟು, ರೇಡಿಯೋ, ಗುಂಡು ಇಡುವ ಗೂಡು, ನೆಲದ ತಗಡು, ತಗಡಿನ ಮೇಲೆ ಬೂಟು ಸವೆಸಿದ ಗುರುತು ಸಹಿತ. ಅದೆಲ್ಲ ಮುಗಿದ ಮೇಲೆ, ತೋಪು ಇರುವ ಮೇಲಿನ ಗೋಪುರವನ್ನು ಕೂರಿಸಿ ಖಾಯಮ್ಮಾಗಿ ಅಂಟಿಸಿಬಿಟ್ಟರು. ಒಳಗೆ ಇಣುಕಲು ಉಳಿದದ್ದು ನನ್ನ ಕಿರುಬೆರಳಿನ ಉಗುರಿನಷ್ಟು ಅಗಲದ ಎರಡು ಬಾಯಿ.

"ಗೋಪುರಾ ತಗದ ಇಡುವಂಗ ಮಾಡಿದ್ರ ಮಂದೀಗೆ ಕಾಣತಿತ್ತಲ್ರಿ," ಎಂದು ನಾನು ಆಗಲೇ ಹೇಳಿದ್ದೆ.

"ಖರೇ ಟ್ಯಾಂಕಿನ ತಲಿ ಯಾರರ ತಗದ ಇಡತಾರೇನ?" ಎಂದಿದ್ದರು.

ಅಂಗಡಿಯ ಕಟ್ಟೆಯ ಮೇಲೆ ಕೂಡುವ ಗೆಳೆಯರು ಇದನ್ನು ಬಿಟ್ಟಾರೆಯೇ. "ಸಾವಕಾರ್ರ, ಒಳಗ ಕುರ್ಚಿ ಏನೋ ಮಾಡೀರಿ. ಕುಂದರಾವ್ರು ಯಾರು, ಇರುವಿ ಏನ್ರಿ?" ಎನ್ನುತ್ತಿದ್ದರು. ನಮ್ಮವರು ನಕ್ಕು ಬಿಡುತ್ತಿದ್ದರು. ಆದರೆ ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು. ತಿಳಿದವನೊಬ್ಬ ಆ ಉಗುರಗಲದ ಬಾಯಿಯಿಂದ ಒಳಗೆ ನೋಡಿ, ಹೌದು, ಹೀಗೇ ಇರುತ್ತಿತ್ತು ಎನ್ನಬೇಕು. ಹೊಗಳುವುದೂ ಬೇಡ. ಹೌದು ಎಂದರೆ ಸಾಕು.

ತನ್ನ ಊರಿನ ಸಮೀಪದಲ್ಲಿ ಟ್ಯಾಂಕುಗಳದೇ ಒಂದು ಮ್ಯೂಸಿಯಂ ಇದೆ, ಅಲ್ಲಿ ಬೇಸಗೆಯಲ್ಲಿ ಇಂಥ ಮಾದರಿಗಳ ಸ್ಪರ್ಧೆ ನಡೆಯುತ್ತದೆ, ಒಳಾಂಗಣಕ್ಕೇ ಬೇರೆ ವಿಭಾಗವಿದೆ ಎಂದು ಶೈಲಾ ಒಮ್ಮೆ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದ್ದಳು. ಅಂದು ಆ ಸ್ಪರ್ಧೆಯ ದಿನ.

"ಮಾಮಾರ, ಎರಡ ತುತ್ತ ತಿನ್ರಿ," ಎಂದಳು ಶೈಲಾ ಕುರ್ಚಿಯ ಮೇಲಿನಿಂದಲೇ.

"ಪರೀಕ್ಷಾ ಮುಗೀಲಿ," ಎಂದರು. ನಾನು ರೊಟ್ಟಿ, ಶೇಂಗಾ ಚಟ್ನಿ ಬುತ್ತಿ ಕಟ್ಟಿಕೊಂಡೆ.

ಕಾರಿನಲ್ಲಿ

ಶೈಲಾ ಕಾರು ನಡೆಸಿದಳು. ನಮ್ಮವರು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಣಂತಿ ಕೂಸನ್ನು ಹಿಡಿದಂತೆ ಎರಡೂ ಕೈ ಸುತ್ತಿದ್ದರು. ಆ ರಸ್ತೆಯ ಮೇಲೆ ಹಾರ್ನು ಎಂಬುದೇ ಕೇಳಲಿಲ್ಲ. ಬೈಲಹೊಂಗಲದಿಂದ ಸವದತ್ತಿಗೆ ಟೆಂಪೋದಲ್ಲಿ ಹೋದವರಿಗೆ ಹಾರ್ನಿಲ್ಲದ ರಸ್ತೆ ಎಂದರೆ ಏನೋ ಅಶುಭ ನಡೆದಿದೆ ಎಂದೇ ಅನ್ನಿಸುತ್ತದೆ. ಒಂದು ತಿರುವಿನಲ್ಲಿ, ನಮ್ಮಲ್ಲಿ ದನ ದಾಟುತ್ತವೆ ಎಂದು ಬೋರ್ಡು ಇರುವ ಹಾಗೆ, ಟ್ಯಾಂಕು ದಾಟುತ್ತವೆ ಎಂದು ಚಿತ್ರದ ಬೋರ್ಡು ಇತ್ತು. ನಮ್ಮವರ ಮುಖ ಆಗ ಸ್ವಲ್ಪ ಸಡಿಲವಾಯಿತು. ಬರಬೇಕಾದ ದೇಶಕ್ಕೇ ಬಂದಿದ್ದೇವೆ ಎನ್ನುವ ಹಾಗೆ.

ಈ ಟ್ಯಾಂಕಿನ ಒಳಗು ಹುಟ್ಟಿದ್ದು ನಮ್ಮ ಮನೆಯ ಅಂಗಳದಲ್ಲಿ. ನಮ್ಮವರ ಕಾಕಾ ಸೈನ್ಯದಲ್ಲಿ ಇಂಥದೇ ಟ್ಯಾಂಕಿನಲ್ಲಿ ತೋಪಿಗೆ ಗುಂಡು ತುಂಬುವವರಾಗಿದ್ದರು. ಪೆಟ್ಟಿಗೆಯ ಜೊತೆ ಬಂದ ಕಾಗದದಲ್ಲಿ ಒಳಗಿನ ಬಣ್ಣ ಬಿಳಿ ಎಂದಿತ್ತು. ಕಾಕಾ ನೋಡಿ, "ಬಿಳಿ ಅಲ್ಲೋ, ಕಲಾಯಿ ಹಾಕಿದ ಭಾಂಡೆ ಇದ್ದಂಗಿತ್ತು," ಎಂದರು. ಅಲ್ಲಿಂದ ನಮ್ಮವರಿಗೆ ಆ ಕಾಗದದ ಮೇಲಿನ ನಂಬಿಕೆ ಹೋಯಿತು.

ಕಾಕಾಗೆ ಚಿತ್ರ ಬರೆದು ತೋರಿಸಲು ಬರುತ್ತಿರಲಿಲ್ಲ. ಅದಕ್ಕೆ ನಮ್ಮವರು ಅಂಗಳದಲ್ಲಿ ಒಂದು ಸ್ಟೂಲು ಹಾಕಿ ಅವರನ್ನು ಕೂರಿಸಿ ಕಣ್ಣು ಮುಚ್ಚಿಸಿದರು. ಕಾಕಾ ಕೈ ಚಾಚಿದಲ್ಲೆಲ್ಲ ನನ್ನ ಅಡುಗೆಮನೆಯಿಂದ ಒಂದೊಂದು ಸಾಮಾನು ಹೋಗಿ ನಿಂತಿತು. ರೇಡಿಯೋ ಎಂದರೆ ಅವಲಕ್ಕಿ ಡಬ್ಬಿ. ತೋಪಿನ ಹಿಂಭಾಗ ಎಂದರೆ ತಾಮ್ರದ ಹಂಡೆ. ಎಡಗೋಡೆಗೆ ಚಹಾದ ನೀರು ಕಾಯಿಸುವ ಒಂದು ಪೆಟ್ಟಿಗೆ ಇತ್ತಂತೆ. ಅದಕ್ಕೆ ನನ್ನ ಶೇಂಗಾ ಎಣ್ಣೆಯ ಡಬ್ಬಿ, ಕಂಬಕ್ಕೆ ಹಗ್ಗದಲ್ಲಿ ಕಟ್ಟಿದ್ದು.

"ಇನ್ನೂ ಕೆಳಗ," ಎನ್ನುತ್ತಿದ್ದರು ಕಾಕಾ, ಕಣ್ಣು ಮುಚ್ಚಿಕೊಂಡು ಕೈ ಆಡಿಸುತ್ತ. "ಇನ್ನೂ ಕೆಳಗ. ಹಾಂ, ಈಗ ತಾಕ್ತ ನೋಡು."

ನಮ್ಮವರು ದರ್ಜಿಯ ಟೇಪಿನಿಂದ ಎಲ್ಲವನ್ನೂ ಅಳೆದು ಮೂವತ್ತೈದರಿಂದ ಭಾಗಿಸಿದರು. ಆ ದಿನಗಳಲ್ಲಿ ಒಗ್ಗರಣೆ ಹಾಕಬೇಕೆಂದರೆ ನಾನು ಟ್ಯಾಂಕಿನಿಂದ ಎಣ್ಣೆ ಬಗ್ಗಿಸಿ ತರಬೇಕಾಗುತ್ತಿತ್ತು. ಬಗ್ಗಿಸಿದ ಮೇಲೆ ಡಬ್ಬಿ ಕದಲಿತೆಂದು ನಮ್ಮವರು ಮತ್ತೆ ಅಳೆಯುತ್ತಿದ್ದರು.

ಚಹಾದ ಪೆಟ್ಟಿಗೆಯ ಸುದ್ದಿ ಊರಲ್ಲಿ ಹಬ್ಬಿ, "ಲಡಾಯಿ ಗಾಡ್ಯಾಗ ಚಾದ ಡಬ್ಬಿ ಎಲ್ಲಿಂದ ಬರಬೇಕ್ರಿ, ಕಾಕಾ ಬುರುಡಿ ಬಿಡಾಕತ್ತಾರ," ಎಂದು ನಕ್ಕರು. ಗೋಪುರ ಅಂಟಿಸುವ ಮೊದಲೇ ಕಾಕಾ ತೀರಿಕೊಂಡರು. ತಾವು ಕೂತ ಜಾಗವನ್ನು ಅವರು ನೋಡಲಿಲ್ಲ.

ಇಂಗ್ಲೆಂಡಿಗೆ ಹೊರಟಾಗ ಈ ಒಳಗನ್ನು ಪೂರ್ತಿಯಾಗಿ ನೋಡಿದ ಮೊದಲ ಮನುಷ್ಯ ಎಂದರೆ ಮುಂಬಯಿ ವಿಮಾನ ನಿಲ್ದಾಣದಲ್ಲಿ ಸಾಮಾನು ತಪಾಸಣೆ ಮಾಡುವವನು. ಅವನ ಪರದೆಯ ಮೇಲೆ ಅಕ್ಕಿ ಡಬ್ಬಿ, ಡಬ್ಬಿಯೊಳಗೆ ಟ್ಯಾಂಕು, ಟ್ಯಾಂಕಿನೊಳಗೆ ತಂತಿಗಳು ಕಂಡವು. ಡಬ್ಬಿ ತೆರೆಸಿದ, ಟ್ಯಾಂಕನ್ನು ತಿರುಗಿಸಿ ತಿರುಗಿಸಿ ನೋಡಿದ, ಇನ್ನೂ ಇಬ್ಬರನ್ನು ಕರೆದ. ನಾನು ಇಬ್ಬರ ಪಾಸ್‌ಪೋರ್ಟನ್ನೂ ತೆಗೆದು ಹಿಡಿದೆ. ನಮ್ಮವರು ಮಾತ್ರ ಅವನ ಭುಜದ ಮೇಲಿಂದ ಪರದೆಯನ್ನು ಇಣುಕಿ, "ಸುಮಾ, ರೇಡಿಯೋದ ತಂತಿ ಹೆಂಗ ಕಾಣಾಕತ್ತಾವ ನೋಡಿಲ್ಲೆ," ಎಂದು ಸಂಭ್ರಮಪಟ್ಟರು.

ಮ್ಯೂಸಿಯಂ

ಟ್ಯಾಂಕುಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕಬ್ಬು ತುಂಬಿದ ಲಾರಿಗಿಂತ ದೊಡ್ಡವು, ಸಾಲಾಗಿ, ತೊಳೆದು ಒರೆಸಿ ನಿಲ್ಲಿಸಿದಂಥವು. ಕಿತ್ತೂರಿನ ಕೋಟೆಯಲ್ಲಿ ಮಕ್ಕಳು ಗೋಡೆಯ ಮೇಲೆ ಓಡಾಡುವ ಹಾಗೆ ಇಲ್ಲಿ ಯಾರೂ ಏರಿ ಕೂರುವಂತಿಲ್ಲ. ಆದರೆ ಒಂದು ಸೆಂಚುರಿಯನ್ನಿಗೆ ಮಾತ್ರ ಮರದ ಮೆಟ್ಟಿಲು ಹಚ್ಚಿ, ಜನ ಹತ್ತಿ ಒಳಗೆ ಇಳಿದು ನೋಡಲು ಬಿಟ್ಟಿದ್ದರು.

ನಮ್ಮವರು ಮಾದರಿಯನ್ನು ಸ್ಪರ್ಧೆಯ ಮೇಜಿಗೆ ಒಪ್ಪಿಸಿ ನೇರ ಅಲ್ಲಿಗೆ ಬಂದರು. ಚಹಾದ ಪೆಟ್ಟಿಗೆಯನ್ನು ಕಣ್ಣಾರೆ ನೋಡಬೇಕಿತ್ತು. ಅವರು ಮೊದಲು ಹತ್ತಿದರು. ಹಿಂದೆ ನಾನು. ಮೆಟ್ಟಿಲಿನ ಬುಡದಲ್ಲಿ ಚಪ್ಪಲಿ ಕಳಚಿಟ್ಟೆ. ಕಳಚಿಡಬೇಕೋ ಬೇಡವೋ ಎಂದು ಯೋಚಿಸಿದ್ದೂ ಇಲ್ಲ. ಹತ್ತಿ, ಬಾಗಿ, ತಲೆ ತಗ್ಗಿಸಿ ಕತ್ತಲಿಗೆ ಇಳಿಯುವ ಜಾಗಕ್ಕೆ ಚಪ್ಪಲಿ ಹಾಕಿಕೊಂಡು ಹೋದದ್ದು ನನಗೆ ನೆನಪಿಲ್ಲ. ಹೂಲಿಯ ಹಳೆಯ ಗುಡಿಗಳಿಗೆ ಇಳಿಯುವಾಗಲೂ ಹೀಗೇ ಬಾಗುತ್ತೇವೆ.

ಒಳಗೆ ಕಾಕಾ ಹೇಳಿದ ಬಣ್ಣವೇ. ಕಲಾಯಿ. ನಾನು ಗೋಡೆ ಮುಟ್ಟಿ ನೋಡಿದೆ. ಅಷ್ಟರಲ್ಲಿ ನಮ್ಮವರು, "ಪೆಟ್ಟಿಗಿ ಇಲ್ಲ," ಎಂದರು.

ಎಡಗೋಡೆಯ ಮೇಲೆ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ, ಮಕ್ಕಳಿಗೆಂದು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಲಗೆ ಬಡಿದಿದ್ದರು. ಈ ಟ್ಯಾಂಕಿನೊಳಗೆ ಸೈನಿಕರು ಚಹಾ ಮಾಡಿಕೊಳ್ಳುತ್ತಿದ್ದರು, ನಿಮಗೆ ಗೊತ್ತೇ ಎಂದು ಅದರಲ್ಲಿ ಕೇಳಿತ್ತು. ಪೆಟ್ಟಿಗೆಯನ್ನು ತೆಗೆದು ಪೆಟ್ಟಿಗೆಯ ಸುದ್ದಿಯನ್ನು ಇಟ್ಟಿದ್ದರು. ಎಷ್ಟು ಎತ್ತರದಲ್ಲಿತ್ತು ಎಂಬ ಗುರುತು ಹಲಗೆಯ ಹಿಂದೆ ಹೋಗಿತ್ತು. ನಮ್ಮವರು ಹಲಗೆಯ ಅಂಚಿನಲ್ಲಿ ಕಣ್ಣಿಟ್ಟು ಹಿಂದೆ ಏನಾದರೂ ಕಾಣುತ್ತದೆಯೇ ಎಂದು ಬಹಳ ಹೊತ್ತು ನೋಡಿದರು. ಹಿಂದೆ ಪಾಳಿಯಲ್ಲಿ ನಿಂತ ಮಕ್ಕಳು ಗದ್ದಲ ಮಾಡಿದ್ದರಿಂದ ಹೊರಬಂದೆವು.

ಕೆಳಗೆ ನನ್ನ ಚಪ್ಪಲಿ ಇರಲಿಲ್ಲ. ಗುಡಿಯ ಮುಂದೆ ಕಳೆದಿದ್ದರೆ ಪೀಡೆ ಹೋಯಿತು ಎಂದುಕೊಂಡು ಸುಮ್ಮನಾಗುತ್ತಿದ್ದೆ. ಇಲ್ಲಿ ವಿಚಾರಿಸಿದಾಗ ತಿಳಿಯಿತು: ಯಾರೋ ಹೆಂಗಸು ಟ್ಯಾಂಕಿನಲ್ಲಿ ಕಳೆದುಹೋಗಿದ್ದಾಳೆ ಎಂದು ಗಾಬರಿಯಾದ ಒಬ್ಬರು ಸ್ವಯಂಸೇವಕರು ಚಪ್ಪಲಿಯನ್ನು ಕಚೇರಿಗೆ ಒಯ್ದಿದ್ದರು. ಬರಿಗಾಲಲ್ಲಿ ಹೋಗಿ ಬಿಡಿಸಿಕೊಂಡು ಬಂದೆ. "ಒಳಗೆ ಅಷ್ಟು ಸ್ವಚ್ಛವಿಲ್ಲ ಅಮ್ಮಾ," ಎಂದು ಅವರು ಬಹಳ ಮರ್ಯಾದೆಯಿಂದ ಹೇಳಿದರು.

ಪರೀಕ್ಷೆಯ ಮೇಜು

ಒಳಾಂಗಣದ ಪರೀಕ್ಷಕರ ಹೆಸರು ನಾರ್ಮನ್. ಎತ್ತರದ, ಒಣಗಿದ ಮನುಷ್ಯ. ಕೋಟಿನ ಎರಡೂ ಮೊಣಕೈಗೆ ಚರ್ಮದ ತೇಪೆ ಹಾಕಿಸಿದ್ದರು. ಒಂದು ಕೈಯಲ್ಲಿ ಪೆನ್ನಿನಷ್ಟು ಸಣ್ಣ ಬ್ಯಾಟರಿ, ಇನ್ನೊಂದರಲ್ಲಿ ಹಲ್ಲಿನ ಡಾಕ್ಟರು ಬಾಯಿಗೆ ಹಾಕುವಂಥ ಕಡ್ಡಿಯ ಕನ್ನಡಿ. ಅವರನ್ನು ಕಂಡ ಕೂಡಲೇ ಸುತ್ತ ನಿಂತ ಗಂಡಸರೆಲ್ಲ ಹಲ್ಲು ಕೀಳಿಸಿಕೊಳ್ಳಲು ಬಂದವರ ಹಾಗಾದರು.

ಆ ಗಂಡಸರ ಹೆಂಡಂದಿರು ಗೋಡೆಯ ಬದಿ ಮಡಚುವ ಕುರ್ಚಿಗಳಲ್ಲಿ ಕೂತು ಹೆಣೆಯುತ್ತಿದ್ದರು. ಒಬ್ಬಾಕೆ ನನಗೆ ಜಾಗ ಮಾಡಿಕೊಟ್ಟು, "ನಿಮ್ಮವರಿಗೆ ಎಷ್ಟು ವರ್ಷದಿಂದ?" ಎಂದು ಸಕ್ಕರೆ ಕಾಯಿಲೆಯ ಬಗ್ಗೆ ಕೇಳುವ ದನಿಯಲ್ಲಿ ಕೇಳಿದಳು. ಬಹಳ ವರ್ಷದಿಂದ ಎಂದೆ. "ನಮ್ಮವರದು ಹಡಗು," ಎಂದಳು. "ಬಚ್ಚಲುಮನೆ ಖಾಲಿ ಸಿಗುವುದಿಲ್ಲ."

ನಮ್ಮ ಪಾಳಿ ಬಂತು. ನಾರ್ಮನ್ ಬಾಗಿ ಉಗುರಗಲದ ಬಾಯಿಯಿಂದ ಬೆಳಕು ಬಿಟ್ಟು ಕನ್ನಡಿ ಇಳಿಸಿದರು. ನಮ್ಮವರು ಉಸಿರು ಬಿಡಲಿಲ್ಲ.

"ಬೆಳ್ಳಿ ಬಣ್ಣ," ಎಂದರು ನಾರ್ಮನ್. "ಸರಿ. ಹೆಚ್ಚಿನವರು ಬಿಳಿ ಹಚ್ಚಿ ತರುತ್ತಾರೆ." ನಮ್ಮವರು ಅರ್ಧ ಉಸಿರು ಬಿಟ್ಟರು. "ರೇಡಿಯೋ ಸರಿ." ಇನ್ನರ್ಧ. ಆಮೇಲೆ ಕನ್ನಡಿ ನಿಂತಿತು. "ಇದೇನು ಹಳದಿ? ಗೋಡೆಯ ಮೇಲೆ, ನೆಲದ ಮೇಲೆ. ಧೂಳೇ? ಇದು ಯಾವ ಮರಳುಗಾಡಿನ ಧೂಳು? ಇಷ್ಟು ಹಳದಿ ಧೂಳನ್ನು ನಾನು ಕಂಡಿಲ್ಲ."

ನಮ್ಮವರು ಒಳಗೆ ಹಳದಿಯನ್ನೇ ಹಚ್ಚಿರಲಿಲ್ಲ. ಕನ್ನಡಿ ಹೊರಬಂದಾಗ ಅದರ ಅಂಚಿಗೆ ಒಂದು ಸಣ್ಣ ಕಣ ಅಂಟಿತ್ತು. ನಾನು ಅದನ್ನು ನೋಡಿದೆ. ಅಡುಗೆಯ ಅರಿಶಿನದ ಹಳದಿ ಅದಲ್ಲ. ಇನ್ನೂ ಗಾಢ, ನಾರು ನಾರು, ಬೆರಳಿಗೆ ಹತ್ತಿದರೆ ಮೂರು ದಿನ ಬಿಡದಂಥದ್ದು. ಯಲ್ಲಮ್ಮನ ಗುಡ್ಡದಿಂದ ಬಂದವರು ಕೈಗೆ ಕೊಟ್ಟಾಗ ಹಣೆಗೆ ಹಚ್ಚಿಕೊಳ್ಳುವ ಭಂಡಾರ. ಅದು ಟ್ಯಾಂಕಿನೊಳಗೆ ಯಾರ ಕೈಯಿಂದ ಹೋಗಿರಬಹುದು ಎಂಬುದರಲ್ಲಿ ನಮಗೆ ಇಬ್ಬರಿಗೂ ಸಂಶಯ ಬರಲಿಲ್ಲ.

"ನಮ್ಮವ್ವ," ಎಂದರು ನಮ್ಮವರು ಕನ್ನಡದಲ್ಲಿಯೇ, ನಾರ್ಮನ್‌ಗೆ.

ಬೈಲಹೊಂಗಲಕ್ಕೆ ಫೋನು

ಶೈಲಾ ತನ್ನ ಮೊಬೈಲು ಕೊಟ್ಟಳು. ನಮ್ಮೂರಲ್ಲಿ ಆಗ ಸಂಜೆ ಚಹಾದ ಹೊತ್ತು. ಅತ್ತೆಯವರೇ ಎತ್ತಿದರು.

"ಅತ್ತ್ಯಾರ, ನಾನ್ರಿ, ಸುಮಾ."

"ಯಾಕ, ಏನಾತು? ಆರಾಮ ಅದೀರಿಲ್ಲೋ?"

"ಆರಾಮ ಅದೇವ್ರಿ. ನೀವು ಟ್ಯಾಂಕಿನಾಗ ಏನರ ಹಾಕೀರೇನ್ರಿ?"

"ಒಂದ ಚಿಟಿಗಿ ಭಂಡಾರ ಹಾಕೇನಿ. ಯಾಕ, ಕಡಿಮಿ ಬಿತ್ತೇನು?"

ನಮ್ಮವರು ಫೋನು ಕಸಿದುಕೊಂಡರು. "ಯವ್ವಾ, ಅದರಾಗ ಏನೂ ಹಾಕಬಾರದಬೇ. ಖರೇ ಟ್ಯಾಂಕಿನಾಗ ಏನಿತ್ತೋ ಅಷ್ಟ ಇರಬೇಕು."

ಅತ್ತೆಯವರ ದನಿ ಫೋನಿನಿಂದ ಹೊರಗೆ, ಮೇಜಿನ ಸುತ್ತ ನಿಂತವರಿಗೆಲ್ಲ ಕೇಳುತ್ತಿತ್ತು. "ಖರೇ ಟ್ಯಾಂಕಿನಾಗ ಇರಲಿಲ್ಲಂತ ನಿನಗ್ಯಾರ ಹೇಳ್ಯಾರು? ನಿಮ್ಮ ಕಾಕಾ ಸೂಟಿ ಮುಗಿಸಿ ಹೊಂಟಾಗೊಮ್ಮೆ ಗುಡ್ಡದ ಭಂಡಾರ ಪೊಟ್ಟಣಾ ಕಟ್ಟಿ ಕೊಟ್ಟಾಕಿ ಯಾರು? ನಾನ. ಗಾಡ್ಯಾಗ ಉಗ್ಗಿ ಕುಂಡ್ರತೇನಿ ವೈನಿ ಅಂತಿದ್ದ."

"ಮತ್ತ ನನಗ ಹೇಳೇ ಇಲ್ಲಲ್ಲಬೇ."

"ನೀ ಕೇಳಿದಿ ಏನ? ನೀ ಕೇಳಿದ್ದು ಡಬ್ಬಿ ಎಷ್ಟ ದೂರ, ಹಂಡೆ ಎಷ್ಟ ಎತ್ತರ."

ನಾನು ಇದನ್ನು ನಾರ್ಮನ್‌ಗೆ ಇಂಗ್ಲಿಷಿನಲ್ಲಿ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. ಬ್ಯಾಟರಿ ಆರಿಸಿ ಜೇಬಿಗಿಟ್ಟು, "ಹಾಗಾದರೆ ಇದಕ್ಕೆ ಸಾಕ್ಷಿ ಇದೆ," ಎಂದರು. "ನಾನು ಸಾಕ್ಷಿಯನ್ನು ಎರಡು ಪ್ರಶ್ನೆ ಕೇಳಬಹುದೇ?"

ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ನನಗೆ ಕಲಿಸಿದ ಇಂಗ್ಲಿಷು ಅಂದು ಮಾಡಿದಷ್ಟು ಕೆಲಸವನ್ನು ಹಿಂದೆಂದೂ ಮಾಡಿರಲಿಲ್ಲ.

"ಅದನ್ನು ಟ್ಯಾಂಕಿನೊಳಗೆ ಯಾವ ಜಾಗದಲ್ಲಿ ಹಾಕುತ್ತಿದ್ದರಂತೆ?" ಎಂದು ನಾರ್ಮನ್.

"ಮೂಡಲ ಕಡೆ," ಎಂದು ಅತ್ತೆಯವರು.

ನಾರ್ಮನ್ ಯೋಚಿಸಿದರು. "ಟ್ಯಾಂಕು ತಿರುಗುತ್ತದೆ. ಅದರ ಮೇಲೆ ಗೋಪುರ ಬೇರೆ ತಿರುಗುತ್ತದೆ. ಯಾವುದರ ಮೂಡಲು?"

ನಾನು ಕೇಳಿದೆ. "ಗಾಡಿ ತಿರಗಲಿ, ತಲಿ ತಿರಗಲಿ," ಎಂದರು ಅತ್ತೆಯವರು. "ಮೂಡಲಾ ತಿರಗತೈತೇನು? ವಯಸ್ಸಾದವರು, ಇಷ್ಟೂ ತಿಳೀವಲ್ದು ಅವರಿಗೆ?"

"ಪೂರ್ವ ದಿಕ್ಕು ಸ್ಥಿರವಾದದ್ದು ಎನ್ನುತ್ತಾರೆ," ಎಂದು ನಾನು ಅನುವಾದ ಮಾಡಿದೆ.

ನಾರ್ಮನ್ ತಲೆಯಾಡಿಸಿದರು. ಹಿಂದೆ ನಿಂತ ಇಬ್ಬರು ಮುದುಕರೂ ತಲೆಯಾಡಿಸಿದರು. ಹಳದಿ ಗೋಪುರದ ಎಲ್ಲ ಬದಿಗೂ ಹರಡಿದ್ದಕ್ಕೆ ಇದರಿಂದ ಅರ್ಥ ಹೊಂದುತ್ತದೆ ಎಂದು ಅವರಲ್ಲೊಬ್ಬರು ಹೇಳಿದರು: ಗುಂಡು ಹಾರಿಸುವಾಗಲೆಲ್ಲ ಗೋಪುರ ತಿರುಗುತ್ತಿತ್ತು; ಪ್ರತಿ ಸಲ ಬೇರೆ ಗೋಡೆ ಪೂರ್ವಕ್ಕೆ ಬಂದಿರಬೇಕು.

"ಚಹಾದ ಪೆಟ್ಟಿಗೆ ಎಷ್ಟು ಎತ್ತರದಲ್ಲಿತ್ತೆಂದು ಗೊತ್ತೇ ಕೇಳಿ."

"ಪೆಟ್ಟಿಗಿ ಗಿಟ್ಟಿಗಿ ನನಗ ಗೊತ್ತಿಲ್ಲ," ಎಂದರು ಅತ್ತೆಯವರು. "ಸುಮಾ, ಅವರದು ಊಟ ಆಗೇತೇನು ಕೇಳು."

ಕೇಳಿದೆ. ನಾರ್ಮನ್ ಗಡಿಯಾರ ನೋಡಿ, ಇಲ್ಲ ಎಂದರು. ಬೆಳಗಿನಿಂದ ಒಂದು ಬಿಸ್ಕೀಟು.

"ಹಸಗೊಂಡ ಪರೀಕ್ಷಾ ಮಾಡಾಕ ಕುಂತ್ರ ಎಲ್ಲಾರ್ದೂ ತಪ್ಪ ಕಾಣತೈತಿ," ಎಂದು ಅತ್ತೆಯವರು ಫೋನು ಇಟ್ಟರು. ಇದನ್ನು ನಾನು ಒಂದಕ್ಷರ ಬಿಡದೆ ಅನುವಾದಿಸಿದೆ.

ಬುತ್ತಿ ಬಿಚ್ಚಿ ಒಂದು ರೊಟ್ಟಿ ಕೊಟ್ಟೆ, ಶೇಂಗಾ ಚಟ್ನಿ ಹಚ್ಚಿ. ನಾರ್ಮನ್ ಬೇಡವೆನ್ನಲಿಲ್ಲ. ಚರ್ಮದ ತೇಪೆಯ ಮೊಣಕೈಗಳನ್ನು ಮೇಜಿಗೆ ಊರಿ, ಟ್ಯಾಂಕಿಗೆ ಬೆನ್ನು ಮಾಡಿ ತಿಂದರು. ಮುಖ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. "ಬಹಳ ಸೊಗಸಾಗಿದೆ," ಎಂದು ಕೆಮ್ಮಿದರು. ಆ ದೇಶದ ಜನರಿಗೆ ಸುಳ್ಳನ್ನೂ ಎಷ್ಟು ಚಂದವಾಗಿ ಹೇಳಲು ಬರುತ್ತದೆ.

"ಹಳದಿಗೆ ನಾನು ಅಂಕ ಕಳೆಯುವುದಿಲ್ಲ," ಎಂದರು ಕೈ ಒರೆಸಿಕೊಂಡು. "ಆದರೆ ಈ ಪೆಟ್ಟಿಗೆ."

ಯುದ್ಧದ ಗಾಡಿಯಲ್ಲಿ ಚಹಾದ ಪೆಟ್ಟಿಗೆ ಯಾಕೆ ಎಂದು ಅವರು ಕೇಳಲಿಲ್ಲ. ಪೆಟ್ಟಿಗೆಯೇ ಇಲ್ಲದಿದ್ದರೆ ಎಲ್ಲಿ ಎಂದು ಕೇಳುತ್ತಿದ್ದರು. ಅವರ ತಕರಾರು ಎತ್ತರದ್ದು. "ಇಷ್ಟು ಕೆಳಗೆ ಇಟ್ಟರೆ, ಗುಂಡು ತುಂಬುವವನು ಹಿಂದೆ ತಿರುಗಿದಾಗಲೆಲ್ಲ ಎಡ ಮೊಣಕೈಗೆ ಬಡಿಯುತ್ತದೆ. ಅಂಥ ಜಾಗದಲ್ಲಿ ಯಾವ ಇಂಜಿನಿಯರೂ ಪೆಟ್ಟಿಗೆ ಇಡುವುದಿಲ್ಲ. ನಿಮಗೆ ಈ ಅಳತೆ ಎಲ್ಲಿ ಸಿಕ್ಕಿತು?"

ನಮ್ಮವರು ಕಾಕಾನ ಸಂಗತಿ ಹೇಳಿದರು. ಅಂಗಳ, ಮುಚ್ಚಿದ ಕಣ್ಣು, ಎಣ್ಣೆ ಡಬ್ಬಿ. ನಾರ್ಮನ್ ಗಮನವಿಟ್ಟು ಕೇಳಿ, ಬಹಳ ಮೃದುವಾಗಿ ಒಂದು ಪ್ರಶ್ನೆ ಹಾಕಿದರು. "ಅವರನ್ನು ಕೂರಿಸಿದ ಸ್ಟೂಲು ಟ್ಯಾಂಕಿನ ಸೀಟಿನಷ್ಟೇ ಎತ್ತರವಿತ್ತೇ?"

ನಮ್ಮವರು ಎಲ್ಲವನ್ನೂ ಅಳೆದಿದ್ದರು. ಅವಲಕ್ಕಿ ಡಬ್ಬಿಯನ್ನು, ಹಂಡೆಯನ್ನು, ಎಣ್ಣೆ ಇಳಿದ ಮೇಲೆ ಕದಲಿದ ಡಬ್ಬಿಯನ್ನು ಸಹ. ಸ್ಟೂಲನ್ನು ಅಳೆದಿರಲಿಲ್ಲ; ಅದು ಗಿಡ್ಡವಾಗಿದ್ದರೆ ಪೆಟ್ಟಿಗೆಯೂ ಅಷ್ಟೇ ಕೆಳಗಿಳಿದಿರುತ್ತದೆ. ಅದು ನಾನು ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಇಳಿಸಲು ಹತ್ತುತ್ತಿದ್ದ ಸ್ಟೂಲು.

ಬಹುಮಾನ ಒಂದು ಜರ್ಮನ್ ಟ್ಯಾಂಕಿಗೆ ಹೋಯಿತು. ಅದರ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟಿದ್ದರು. ಒಳಗೆ ಸಣ್ಣ ಸಣ್ಣ ದೀಪ ಹಾಕಿದ್ದರು, ದೀಪಾವಳಿಯ ಮನೆಯ ಹಾಗೆ. ನಮ್ಮವರು ಚಪ್ಪಾಳೆ ತಟ್ಟಿದರು.

ಹಿತ್ತಲ ಬೇಲಿ

ಹಿಂದಿರುಗುವಾಗ ಟ್ಯಾಂಕು ದಾಟುವ ಬೋರ್ಡು ಬಂದಾಗ ನಮ್ಮವರು ಇನ್ನೊಂದು ಕಡೆ ನೋಡಿದರು. ಬಹುಮಾನ ಹೋದದ್ದಕ್ಕೆ ಅಲ್ಲ ಎಂದು ನನಗೆ ಗೊತ್ತಿತ್ತು. ಸ್ಟೂಲು ತಪ್ಪಾಗಿದ್ದರೆ ಪೆಟ್ಟಿಗೆ ಒಂದೇ ಅಲ್ಲ, ಕಾಕಾ ಕೈ ಚಾಚಿ ತೋರಿಸಿದ ಎಲ್ಲವೂ ಅನುಮಾನಕ್ಕೆ ಬೀಳುತ್ತದೆ. ಕಟ್ಟೆಯ ಮೇಲಿನವರು ಕಾಕಾ ಬುರುಡೆ ಬಿಡುತ್ತಾರೆ ಎಂದದ್ದೂ ಉಳಿದುಬಿಡುತ್ತದೆ.

ಹಿತ್ತಲಲ್ಲಿ ಬೆಳಕು ಇನ್ನೂ ಚೆನ್ನಾಗಿತ್ತು. ಅಲ್ಲಿ ಬೇಸಗೆಯ ಸಂಜೆ ಮುಗಿಯುವುದೇ ಇಲ್ಲ. ನಾನು ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ನಮ್ಮವರು ಹುಲ್ಲಿನ ಮೇಲೆ ಕುರ್ಚಿ ಹಾಕಿ ಕೂತು, ಟ್ಯಾಂಕನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು. ಕೈಯಲ್ಲಿ ಶೈಲಾಳ ತರಕಾರಿ ಹೆಚ್ಚುವ ಚಾಕು.

"ಏನ ಮಾಡಾಕತ್ತೀರಿ?"

"ಗೋಪುರಾ ಬಿಚ್ಚತೇನಿ. ಪೆಟ್ಟಿಗಿ ತಗದ ಬಿಡತೇನಿ. ಗೊತ್ತಿಲ್ಲದ್ದ ಇಡಬಾರದು."

"ಮುರದ ಹೋಗತೈತ್ರಿ."

"ಹೋಗಲಿ."

ನಾನು ತಡೆಯಲಿಲ್ಲ. ಕಸೂತಿ ಹಾಕುವವಳು ನಾನು. ಅದರಲ್ಲೂ ಗುಡಿಯ ಗೋಪುರದ ಚಿತ್ತಾರವಿದೆ. ಗಂಟು ಹಾಕುವಂತಿಲ್ಲ, ಸೀರೆಯ ಹಿಂದಿನ ಬದಿಯೂ ಮುಂದಿನಂತೆಯೇ ಕಾಣಬೇಕು. ಉಟ್ಟ ಮೇಲೆ ಆ ಹಿಂದಿನ ಬದಿಯನ್ನು ಯಾರು ನೋಡುತ್ತಾರೆ. ಆದರೂ ಬುಡದಲ್ಲಿ ಒಂದು ಎಳೆಯ ಎಣಿಕೆ ತಪ್ಪಿದೆ ಎಂದು ತಿಳಿದರೆ, ಕಳಸದವರೆಗೆ ಹಾಕಿದ್ದನ್ನೆಲ್ಲ ಬಿಚ್ಚಲೇಬೇಕು ಎಂದು ನನ್ನ ತಾಯಿ ಕಲಿಸಿದ್ದಳು. ಬಿಚ್ಚಿದ್ದೇನೆ, ಅತ್ತುಕೊಂಡು.

ಚಾಕುವಿನ ತುದಿ ಗೋಪುರದ ಸಂದಿಗೆ ತಾಗಿತ್ತು. ಆಗ ಬೇಲಿಯ ಮೇಲೆ ಟೆಡ್ ಅಜ್ಜನ ಮುಖ ಎದ್ದಿತು.

"ನಾಳೆ ಹಸಿರು ಡಬ್ಬಿ," ಎಂದರು. ಆಮೇಲೆ ನಮ್ಮವರ ಮೊಣಕಾಲಿನ ಮೇಲಿದ್ದದ್ದನ್ನು ನೋಡಿದರು. "ಅದು ಸೆಂಚುರಿಯನ್ ಅಲ್ಲವೇ? ನಾನು ಹುಡುಗನಿದ್ದಾಗ ಎಲ್ಲರನ್ನೂ ಎರಡು ವರ್ಷ ಸೈನ್ಯಕ್ಕೆ ಹಿಡಿದು ಹಾಕುತ್ತಿದ್ದರು. ನನ್ನನ್ನು ಅದರೊಳಗೆ ಹಾಕಿದ್ದರು, ಗುಂಡು ತುಂಬಲಿಕ್ಕೆ. ಇಲ್ಲಿ ಕೊಡಿ ನೋಡೋಣ."

ಒಂದು ವಾರ ಅದೇ ಬೇಲಿಯ ಆಚೆ ಈಚೆ ಇದ್ದೆವು. ಕಸದ ಡಬ್ಬಿಯ ಹೊರತು ಬೇರೇನೂ ಕೇಳಲು ನಮಗೆ ಹೊಳೆದಿರಲಿಲ್ಲ. ನಮ್ಮವರು ಎದ್ದು ಟ್ಯಾಂಕನ್ನು ಬೇಲಿಯ ಮೇಲಿಂದ ಎರಡೂ ಕೈಯಲ್ಲಿ ಕೊಟ್ಟರು. ಪೆಟ್ಟಿಗೆಯ ಮಾತು ತೆಗೆಯಬೇಡ ಎಂದು ನನಗೆ ಕಣ್ಣಿನಲ್ಲೇ ಸೂಚಿಸಿದರು.

ಟೆಡ್ ಅಜ್ಜ ಕನ್ನಡಕವನ್ನು ಹಣೆಗೆ ಏರಿಸಿ, ಟ್ಯಾಂಕನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಆ ಉಗುರಗಲದ ಬಾಯಿಗೆ ಇನ್ನೊಂದು ಕಣ್ಣಿಟ್ಟರು. ಹಾಗೆಯೇ ಇದ್ದರು. ಅವರ ಬಲಗೈ ತಾನಾಗಿ ಎದ್ದು ಹೋಗಿ ಎಡ ಮೊಣಕೈಯನ್ನು ಉಜ್ಜತೊಡಗಿತು.

"ಅಯ್ಯೋ," ಎಂದರು, "ಆ ಹಾಳು ಪೆಟ್ಟಿಗೆ ಇನ್ನೂ ಅಲ್ಲೇ ಇದೆಯಲ್ಲ."